ಫೆಬ್ರವರಿಯೋ, ಮೇ ತಿಂಗಳೋ

ಸೆಪ್ಟೆಂಬರ್ 4, ಬುಧವಾರ

ಎಂಟೂ ನಲವತ್ತಕ್ಕೆ ಗಾಲ್ಫ್ ಶುರು, ಎಂದಿನಂತೆ. ಸಮುದ್ರದ ಕಡೆಯಿಂದ ಗಾಳಿ. ಒಂಬತ್ತನೇ ಕುಳಿ ಮುಟ್ಟುವ ಹೊತ್ತಿಗೆ ಕರವಸ್ತ್ರ ಪೂರ್ತಿ ಒದ್ದೆ. ಥೋರಾ ಗೆದ್ದಳು. ಗೆದ್ದದ್ದನ್ನು ಕ್ಲಬ್ಬಿನಲ್ಲಿ ಸೂಪು ಬರುವುದರೊಳಗೆ ನಾಲ್ಕು ಸಲ ಹೇಳಿದಳು. ಎಫಿ ಎರಡು ಚೆಂಡು ಕಳೆದುಕೊಂಡಳು. ಅವಳು ಚೆಂಡು ಕಳೆಯುವವಳೇ ಅಲ್ಲ.

ಸೂಪು ಮುಗಿಯುತ್ತಲೇ ಥೋರಾ ಚೀಲದಿಂದ ಒಂದು ಹಾಳೆ ತೆಗೆದಳು. ನಾವು ವರ್ಷಕ್ಕೊಂದು ವಾರ ಆಡಲು ಹೋಗುವ ಪೋರ್ಚುಗಲ್ಲಿನ ದಕ್ಷಿಣ ಕರಾವಳಿ, ತಿಂಗಳಿಗೊಂದು ಸಾಲು. ಮಳೆ ಎಷ್ಟು, ಬಿಸಿಲು ಎಷ್ಟು ಗಂಟೆ, ಯಾವ ತಿಂಗಳಲ್ಲಿ ಗ್ರೀನುಗಳಿಗೆ, ಕುಳಿ ಸುತ್ತಲಿನ ನುಣ್ಣನೆ ಹುಲ್ಲಿಗೆ, ತೂತು ಹೊಡೆದು ಮರಳು ತುಂಬುತ್ತಾರೆ — ಎಲ್ಲ ಬರೆದಿದ್ದಾಳೆ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು. ಎಫಿಯೂ ನಾನೂ ಇನ್ನೂ ಅವಳ ಕ್ಲಾಸಿನಲ್ಲೇ ಕೂತಿದ್ದೇವೆಂದು ಅವಳ ಭಾವನೆ.

"ಜುಲೈ, ಆಗಸ್ಟು ಸುಟ್ಟು ಹಾಕತ್ತೆ. ಅಕ್ಟೋಬರ್ ಪರವಾಗಿಲ್ಲ, ಆದ್ರೆ ಜರ್ಮನಿಯವರೆಲ್ಲ ಅಲ್ಲೇ ಬಂದಿರ್ತಾರೆ. ಮೇ ತಿಂಗಳೇ ಸರಿ ಕಣ್ರೇ. ಫೆಬ್ರವರೀಲಿ ಅಲ್ಲಿಗೆ ಗಾಲ್ಫ್ ಆಡಕ್ಕೆ ಹೋಗೋ ದಡ್ಡರು ಅಂದ್ರೆ ನಾವು ನಾಲ್ಕು ಜನಾನೇ."

ನಾಲ್ಕು ಎಂದದ್ದು ಬಾಯಿತಪ್ಪಿ. ನಾಲ್ಕನೆಯವಳು ಹೆಟ್ಟಿ ತೀರಿಕೊಂಡು ಐದು ತಿಂಗಳಾಯಿತು. ಮೂವರೂ ಬಟ್ಟಲಿನ ತಳ ಕೆರೆದೆವು.

ಇಪ್ಪತ್ತೊಂಬತ್ತು ವರ್ಷ ಈ ಚರ್ಚೆಯೇ ಇರಲಿಲ್ಲ. ಹೆಟ್ಟಿ ಫೆಬ್ರವರಿ ಅಂದರೆ ಫೆಬ್ರವರಿ. ಜನವರಿ ಇಪ್ಪತ್ತೈದರ, ನಮ್ಮ ನಾಡಕವಿಯ ಹುಟ್ಟುಹಬ್ಬದ, ಊಟಗಳು ಮುಗಿದ ಮೇಲೆ ಈಸ್ಟರ್ ಬನ್ನಿನ ಗಲಾಟೆ ಶುರುವಾಗುವವರೆಗೆ ಅವಳ ಬೇಕರಿಯಲ್ಲಿ ನೊಣ ಹೊಡೆಯುವ ಕೆಲಸ. ಆ ಒಂದು ವಾರ ಬಿಟ್ಟರೆ ಅವಳಿಗೆ ಬಿಡುವಿರಲಿಲ್ಲ. ಅದನ್ನೇ ನಾವು ಗಾಲ್ಫಿಗೆ ಅತ್ಯುತ್ತಮ ಕಾಲ ಅಂದುಕೊಂಡಿದ್ದೆವು.

ಎಫಿ ಮಾತ್ರ ಹಾಳೆ ನೋಡಲೇ ಇಲ್ಲ. ಫೆಬ್ರವರಿಯೇ ಆಗಬೇಕು ಎಂದಳು. ಕಾರಣ ಕೇಳಿದರೆ ಕೋಟು ಹಾಕಿಕೊಂಡು ಎದ್ದಳು.

ಸೆಪ್ಟೆಂಬರ್ 8, ಭಾನುವಾರ

ಚರ್ಚಿನಿಂದ ಬಂದು ಹಳೆಯ ಫೋಟೋ ಡಬ್ಬಿ ತೆಗೆದೆ. ತೆಗೆಯಬಾರದಿತ್ತು, ಅಡುಗೆ ಹೊತ್ತು ಮೀರಿತು.

1984. ಮೊದಲ ಸಲ. ಪೋರ್ಚುಗಲ್ಲಿನ ಫಾರೋದಲ್ಲಿ ವಿಮಾನದ ಮೆಟ್ಟಿಲ ಕೆಳಗೆ ನಾವು ನಾಲ್ವರು, ದಪ್ಪ ಉಣ್ಣೆಯ ಸ್ಕರ್ಟು, ಕೈಯಲ್ಲಿ ಕೊಡೆ. ಹೆಂಗಸರು ಗಂಡಂದಿರನ್ನು ಮನೆಯಲ್ಲಿ ಬಿಟ್ಟು ಗಾಲ್ಫ್ ಆಡಲು ವಿದೇಶಕ್ಕೆ ಹೋದರೆಂದು ಊರೆಲ್ಲ ಗುಲ್ಲು. ನನ್ನ ಆಲೆಕ್ ಒಬ್ಬನೇ ಏನೂ ಅನ್ನಲಿಲ್ಲ. ಬೇಕಾದಷ್ಟು ಸೂಪು ಮಾಡಿಟ್ಟು ಹೋಗು ಎಂದ, ಅಷ್ಟೇ.

ಬಾಡಿಗೆ ಕಾರು ಓಡಿಸಿದವಳು ಎಫಿ. ರಸ್ತೆಯ ಬಲಗಡೆ ಹೋಗಬೇಕೆನ್ನುವುದನ್ನು ಅರ್ಧ ದಾರಿ ಮರೆತಿದ್ದಳು. ಒಂದು ತಿರುವು ದಾಟಿದೆವು. ಗುಡ್ಡವಿಡೀ ಬೆಳ್ಳಗೆ. ಹೆಟ್ಟಿ ಹಿಮ ಅಂದಳು. ಹಿಮವಲ್ಲ, ಬಾದಾಮಿ ಮರಗಳು ಹೂ ಬಿಟ್ಟಿದ್ದವು. ಎಫಿ ಕಾರು ನಿಲ್ಲಿಸಿ ಇಳಿದವಳು ಹತ್ತು ನಿಮಿಷ ವಾಪಸು ಬರಲಿಲ್ಲ. ನಾನು ಹೋಗಿ ನೋಡಿದರೆ ಒಂದು ಮರದ ಕೆಳಗೆ ನಿಂತು ಅಳುತ್ತಿದ್ದಳು. ಆಗ ನಮಗೆಲ್ಲ ನಲವತ್ತರ ಆಸುಪಾಸು. ಅವಳ ಮನೆಯಲ್ಲಿ ಅವಳು ಅಳುವುದಕ್ಕೆ ಜಾಗ ಇರಲಿಲ್ಲ, ಅವಳ ಗಂಡ ಅಂಥವನು.

ಆ ವಾರ ಐದು ದಿನ ಮಳೆ. ಆಡಿದ್ದು ಎರಡೇ ದಿನ. ಅಂಥ ಸುಖದ ವಾರ ಆಮೇಲೆ ಬರಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ಹನ್ನೊಂದನೆಯದರಲ್ಲಿ ಎಫಿ ಪಕ್ಕದ ಕುಳಿಯ ಬಾವುಟದ ಕಡೆಗೆ ಹೊಡೆದಳು. ಥೋರಾ ನಕ್ಕಳು, ಎಫಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಏಳು ವರ್ಷದವಳಿದ್ದಾಗಿನಿಂದ ಈ ಮೈದಾನದಲ್ಲಿ ಓಡಾಡಿದವಳು. ಶಾಲೆ ಬಿಟ್ಟ ಮೇಲೆ ಮುಳ್ಳುಪೊದೆಗಳಲ್ಲಿ ಕಳೆದ ಚೆಂಡು ಹುಡುಕಿ ದೊಡ್ಡವರಿಗೆ ಮಾರುತ್ತಿದ್ದೆವು. ನಾನು ಒಂದು ಹುಡುಕುವುದರಲ್ಲಿ ಅವಳು ಮೂರು ಹುಡುಕುತ್ತಿದ್ದಳು. ಹದ್ದಿನ ಕಣ್ಣು ಅಂತ ಅವಳ ಅಪ್ಪ ಹೇಳುತ್ತಿದ್ದರು.

ಸೆಪ್ಟೆಂಬರ್ 20, ಶುಕ್ರವಾರ. ಮಧ್ಯಾಹ್ನ

ಎಫಿ ಬೆಳಿಗ್ಗೆ ಫೋನ್ ಮಾಡಿ ಡಂಡೀ ನಗರಕ್ಕೆ ಕರೆದುಕೊಂಡು ಹೋಗುತ್ತೀಯಾ ಎಂದಳು. ಬಸ್ಸಿಲ್ಲವಂತೆ. ಗಂಟೆಗೆ ಎರಡು ಬಸ್ಸು ಇವೆ. ಸುಮ್ಮನೆ ಕಾರು ತೆಗೆದೆ.

ಕಣ್ಣಾಸ್ಪತ್ರೆ. ಎರಡು ಗಂಟೆ ಕಾದೆ. ವಾಪಸು ಬರುವಾಗ ಸೇತುವೆ ದಾಟಿದೆವು. ಆಮೇಲೆ ಅವಳೇ ಹೇಳಿದಳು. ನೋಟದ ನಡುಭಾಗ ಹೋಗುತ್ತಿದೆ. ಎರಡು ಕಣ್ಣೂ. ನೇರ ನೋಡಿದರೆ ಮಸಿ ಬಳಿದ ಹಾಗೆ, ಅಂಚಿನಲ್ಲಿ ಮಾತ್ರ ಇದೆ. ಔಷಧಿಯಿಲ್ಲ. ಎಷ್ಟು ದಿನ ಅನ್ನುವುದನ್ನು ಡಾಕ್ಟರು ಹೇಳಲೊಲ್ಲರು. ಮುಂದಿನ ಬೇಸಿಗೆಗೆ ಇಷ್ಟು ಇರಲಾರದು ಎಂದಷ್ಟೇ ಹೇಳಿದರಂತೆ.

"ಮೇ ತಿಂಗಳು ಚೆನ್ನಾಗಿರತ್ತೆ, ನಂಗೂ ಗೊತ್ತು ಕಣೇ ಈಶ್ಬೆಲ್. ಮೇ ಹೊತ್ತಿಗೆ ನಾನು ಹ್ಯಾಗಿರ್ತೀನೋ ಗೊತ್ತಿಲ್ಲ. ಆ ಮರಗಳನ್ನ ಇನ್ನೊಂದು ಸಲ ನೋಡ್ಬೇಕು. ಅಷ್ಟು ಸಾಕು."

ಹಾಗಿದ್ದರೆ ನವೆಂಬರಿನಲ್ಲೇ ಹೋಗೋಣ ಎಂದೆ. ಹೂವಿಲ್ಲದಾಗ ಹೋಗಿ ಯಾವ ಸಂಪತ್ತು ನೋಡಲಿ ಎಂದಳು. ಥೋರಾಗೆ ಹೇಳಕೂಡದು. ಹೇಳಿದರೆ ಮೊದಲು ಕಾರಿನ ಕೀಲಿ ಕಿತ್ತುಕೊಳ್ಳುತ್ತಾಳೆ, ಆಮೇಲೆ ಗಾಲ್ಫ್ ಚೀಲ, ಆಮೇಲೆ ಊರೆಲ್ಲ ಸಂತಾಪ ಹೇಳಲು ಬರುತ್ತದೆ. ಮಾತು ಕೊಟ್ಟೆ.

ಅವಳನ್ನು ಮನೆಗೆ ಬಿಟ್ಟು ಬಂದು ಕಾರಿನಲ್ಲೇ ಕೂತೆ. ನನ್ನ ಬಾಗಿಲ ಮುಂದೆಯೇ, ಇಪ್ಪತ್ತು ನಿಮಿಷ. ಬಹಳ ಅತ್ತೆ.

ಸೆಪ್ಟೆಂಬರ್ 25, ಬುಧವಾರ

ಥೋರಾಳ ಹಾಳೆ ಬದಲಾಗಿಲ್ಲ, ಎಫಿಯ ಹಟ ಬದಲಾಗಿಲ್ಲ. ನಾನು ಅಕ್ಟೋಬರ್ ಅನ್ನುತ್ತಿದ್ದವಳು ಇದ್ದಕ್ಕಿದ್ದಂತೆ ಫೆಬ್ರವರಿ ಕಡೆ ವಾಲಿದೆ. ಥೋರಾ ಕನ್ನಡಕದ ಮೇಲಿಂದ ನೋಡಿದಳು. ಸತ್ತವಳ ಮೇಲಿನ ಪ್ರೀತಿಗೆ ಮಳೆಯಲ್ಲಿ ನೆನೆಯಬೇಕೇ ಎಂದಳು.

ಕೊನೆಗೆ ಥೋರಾ ತೀರ್ಪು ಕೊಟ್ಟಳು. ಅಕ್ಟೋಬರ್ ಐದಕ್ಕೆ ವರ್ಷದ ಕೊನೆಯ ಮೆಡಲ್ ಪಂದ್ಯ. ಮೂವರಲ್ಲಿ ಯಾರ ಕಾರ್ಡಿನಲ್ಲಿ ಹೊಡೆತ ಕಡಿಮೆಯೋ ಅವರು ಹೇಳಿದ ತಿಂಗಳು. ಎದುರು ಮಾತಿಲ್ಲ, ಮುಖ ಊದಿಸುವಂತಿಲ್ಲ. ನಾವು ಗಾಲ್ಫ್ ಆಡುವ ಜನ, ಬಾಯಿಜಗಳ ಯಾಕೆ ಎಂದಳು. ಎಫಿ ತಕ್ಷಣ ಕೈ ಚಾಚಿದಳು. ಕೈ ಕುಲುಕಿ ಆಯಿತು.

ನಾನು ಅವಳನ್ನು ಮನೆಗೆ ಬಿಡುವಾಗ ಬೈದೆ. ಚೆಂಡು ಕಾಣದವಳು ಪಂದ್ಯಕ್ಕೆ ಹೇಗೆ ಒಪ್ಪಿದೆ ಎಂದು. ಹೊಡೆಯುವುದು ಕಣ್ಣಿನಿಂದ ಅಲ್ಲ, ಹುಡುಕುವುದಷ್ಟೇ ಕಣ್ಣಿನಿಂದ ಎಂದಳು.

ಅಕ್ಟೋಬರ್ 5, ಶನಿವಾರ. ಸಂಜೆ ಆರು

ಬರೆಯಲೇಬೇಕು.

ಎಫಿಗೆ ನಾನು ಜೋಡಿ. ಅವಳ ಕಾರ್ಡಿನಲ್ಲಿ ಅಂಕಿ ಬರೆಯುವವಳು ನಾನು, ನನ್ನದರಲ್ಲಿ ಅವಳು. ಥೋರಾ ನಮ್ಮ ಮುಂದಿನ ಗುಂಪಿನಲ್ಲಿ. ಗಾಳಿಯಿಲ್ಲ, ನೀರು ತುಂಬಿದ ಬಟ್ಟಲಿನ ಹಾಗೆ ಸಮುದ್ರ. ಅಂಥ ದಿನ ಈ ಊರಿಗೆ ವರ್ಷಕ್ಕೆ ಮೂರು ಬರುತ್ತವೆ. ಎಫಿ ಇಪ್ಪತ್ತು ವರ್ಷ ಚಿಕ್ಕವಳಾದ ಹಾಗೆ ಹೊಡೆದಳು. ಚೆಂಡು ಎಲ್ಲಿ ಬಿತ್ತು ಅಂತ ನಾನು ಹೇಳುವುದು, ಅವಳು ನೇರ ಅಲ್ಲಿಗೆ ನಡೆಯುವುದು. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.

ಹದಿಮೂರನೆಯದರಲ್ಲಿ ಅವಳ ಎರಡನೇ ಹೊಡೆತ ಎಡಕ್ಕೆ, ಮುಳ್ಳುಪೊದೆಯ ಪಕ್ಕದ ಉದ್ದ ಹುಲ್ಲಿಗೆ ಹೋಯಿತು. ನನ್ನದು ಬಲಗಡೆ ಮರಳಿನಲ್ಲಿ. ನಾನು ನನ್ನದನ್ನು ನೋಡಿಕೊಳ್ಳುವಷ್ಟರಲ್ಲಿ "ಸಿಕ್ತು" ಅಂದಳು, ಹೊಡೆದಳು. ಚಂದದ ಹೊಡೆತ, ಕುಳಿಯಿಂದ ಎರಡಡಿ. ಮುಂದಿನದು ಒಳಗೆ. ಕುಳಿಯಿಂದ ಚೆಂಡು ತೆಗೆದವಳು ನಾನು.

ಅವಳ ಚೆಂಡಿನ ಮೇಲೆ ಎರಡು ಹಸಿರು ಚುಕ್ಕಿ. ಶಾಲೆಯ ದಿನದಿಂದಲೂ ಅದೇ ಗುರುತು. ನನ್ನ ಕೈಯಲ್ಲಿದ್ದದ್ದರ ಮೇಲೆ ನೀಲಿ ಗೀಟು. ಯಾರೋ ಯಾವಾಗಲೋ ಕಳೆದುಕೊಂಡ ಚೆಂಡು. ಅವಳ ಚೆಂಡು ಇನ್ನೂ ಆ ಹುಲ್ಲಿನಲ್ಲೇ ಇದೆ.

ನಿಯಮ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಪ್ಪತ್ತೆರಡು ವರ್ಷದಿಂದ ಮಹಿಳಾ ವಿಭಾಗದ ಪಂದ್ಯಗಳ ಕಾರ್ಯದರ್ಶಿ ನಾನು. ಬೇರೆ ಚೆಂಡು ಹೊಡೆದರೆ ಎರಡು ಹೊಡೆತ ದಂಡ, ವಾಪಸು ಹೋಗಿ ತನ್ನದನ್ನು ಆಡಬೇಕು. ಮುಂದಿನ ಕುಳಿಗೆ ಹೊಡೆಯುವುದರೊಳಗೆ ಸರಿಪಡಿಸದಿದ್ದರೆ ಪಂದ್ಯದಿಂದ ಹೊರಗೆ. ಕಾರ್ಡಿಗೆ ಸಹಿ ಹಾಕಲು ಮರೆತಳೆಂದು ಥೋರಾಳನ್ನೇ ಒಂದು ವರ್ಷ ಹೊರಗೆ ಹಾಕಿದ್ದೆ. ಆ ದಿನ ಅವಳು ಗೆದ್ದಿದ್ದಳು. ಈಗಲೂ ಎತ್ತಿ ಆಡುತ್ತಾಳೆ.

ಆ ಗ್ರೀನಿನಿಂದ ಮುಂದಿನ ಕುಳಿಯ ಮೊದಲ ಹೊಡೆತದ ಜಾಗಕ್ಕೆ, ಟೀಗೆ, ನಲವತ್ತು ಹೆಜ್ಜೆ. ನಲವತ್ತು ಹೆಜ್ಜೆಯೂ ನನಗೆ ಸಮಯವಿತ್ತು. ಎಫಿ ಮುಂದೆ ಮುಂದೆ ನಡೆಯುತ್ತ ಏನೋ ಗುನುಗುತ್ತಿದ್ದಳು. ನೀಲಿ ಗೀಟಿನದನ್ನು ನನ್ನ ಜೇಬಿಗೆ ಹಾಕಿಕೊಂಡೆ. ಅವಳ ಚೀಲದ ಪಕ್ಕದ ಜೇಬಿನಿಂದ ಹಸಿರು ಚುಕ್ಕಿಯ ಇನ್ನೊಂದು ತೆಗೆದು ಅವಳ ಅಂಗೈಗೆ ಕೊಟ್ಟೆ. ಥ್ಯಾಂಕ್ಸ್ ಎಂದಳು.

ಹ್ಯಾಂಡಿಕ್ಯಾಪ್ ಅನ್ನುವ ರಿಯಾಯಿತಿ ಕಳೆದು ಎಫಿ ಎಪ್ಪತ್ತೊಂದು ಹೊಡೆತ. ಥೋರಾ ಎಪ್ಪತ್ತೆರಡು. ಎಫಿಯ ಕಾರ್ಡಿಗೆ ನಾನು ಸಹಿ ಹಾಕಿದೆ.

ಅಕ್ಟೋಬರ್ 7, ಸೋಮವಾರ

ಪಟ್ಟಿ ಬರೆದು ಬೋರ್ಡಿಗೆ ಚುಚ್ಚಿದೆ. ನನ್ನ ಅಕ್ಷರ ಚೆನ್ನಾಗಿದೆಯೆಂದು ಎಲ್ಲರೂ ಹೇಳುತ್ತಾರೆ. ಮೊದಲನೆಯ ಹೆಸರು, ಎಫಿ ಲಮ್ಸ್‌ಡನ್. ಎಪ್ಪತ್ತೆರಡನೇ ವಯಸ್ಸಿನಲ್ಲಿ ಮೆಡಲ್.

ಅಕ್ಟೋಬರ್ 9, ಬುಧವಾರ

ಫೆಬ್ರವರಿ ಎಂಟರಿಂದ ಹದಿನೈದು. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ, ತಾರೀಖು ಮಾತ್ರ ಗೊತ್ತಾಯಿತು. ಥೋರಾ ಕೊಟ್ಟ ಮಾತಿಗೆ ತಪ್ಪಲಿಲ್ಲ, ಮುಖ ಊದಿಸಲಿಲ್ಲ, ಮಳೆಗೆ ಹೊಸ ಪ್ಯಾಂಟು ಕೊಳ್ಳುತ್ತೇನೆ ಎಂದಳು.

ಎಫಿಯನ್ನು ಇಷ್ಟು ಖುಷಿಯಾಗಿ ನೋಡಿ ಎಷ್ಟು ಕಾಲವಾಯಿತೋ. ಹಳೆಯದನ್ನೆಲ್ಲ ತೆಗೆದು ಹೇಳಿದಳು. ಹೆಟ್ಟಿ ಸೂಟ್‌ಕೇಸ್ ತುಂಬ ಶಾರ್ಟ್‌ಬ್ರೆಡ್ ತಂದು ಹೋಟೆಲಿನ ಅಡುಗೆಯವಳಿಗೆ ಕೊಟ್ಟದ್ದು, ಅವಳು ಬದಲಿಗೆ ಅಂಜೂರದ ಹಣ್ಣು ಕಟ್ಟಿಕೊಟ್ಟದ್ದು, ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದೆ ಒಂದು ಗಂಟೆ ಹರಟಿದ್ದು. ಈ ವರ್ಷದ ಫೆಬ್ರವರಿಯಲ್ಲೂ ಹೆಟ್ಟಿ ಬಂದಿದ್ದಳು. ಕೆಮ್ಮುತ್ತ ಬೆಂಚಿನ ಮೇಲೆ ಕೂತು ನಮ್ಮ ಆಟಕ್ಕೆ ಹೆಸರಿಡುತ್ತಿದ್ದಳು. ನಗುತ್ತ ನಗುತ್ತ ಥೋರಾಗೂ ಕಣ್ಣಲ್ಲಿ ನೀರು ಬಂತು.

ಮಾಡಿದ್ದು ಸರಿ ಅಂತ ಆಗ ಅನ್ನಿಸಿತು. ಮನೆಗೆ ಬಂದ ಮೇಲೆ ಅನ್ನಿಸಲಿಲ್ಲ.

ಅಕ್ಟೋಬರ್ 15, ಮಂಗಳವಾರ

ನಾಲ್ಕು ಗಂಟೆಗೆ ಎಫಿ ಬಂದಳು. ನಡೆದುಕೊಂಡು, ಒಬ್ಬಳೇ. ಕೋಟು ತೆಗೆಯಲಿಲ್ಲ. ಮೇಜಿನ ಮೇಲೆ ಒಂದು ಚೆಂಡು ಇಟ್ಟಳು. ಎರಡು ಹಸಿರು ಚುಕ್ಕಿ.

ಮೈದಾನದ ಹುಲ್ಲು ನೋಡಿಕೊಳ್ಳುವ ಡಾಡ್ ಕೊಟ್ಟನಂತೆ. ಮೆಡಲ್ ದಿನ ಸಂಜೆ ಹದಿಮೂರರ ಪೊದೆ ಬದಿಯಲ್ಲಿ ಸಿಕ್ಕಿತು, ಗುರುತು ನೋಡಿ ಎತ್ತಿಟ್ಟಿದ್ದೆ ಎಂದನಂತೆ. ಒಳ್ಳೆಯ ಮನುಷ್ಯ. ಉಪಕಾರ ಮಾಡಿದೆ ಅಂದುಕೊಂಡಿದ್ದಾನೆ.

"ಕುಳಿಯಿಂದ ಚೆಂಡು ತೆಗೆದಿದ್ದು ನೀನು. ಅದು ಯಾರ್ದು?"

"ಯಾರ್ದೋ ಗೊತ್ತಿಲ್ಲ. ನೀಲಿ ಗೀಟಿತ್ತು."

"ಆಗ್ಲೇ ನೋಡ್ದೆ ನೀನು."

"ನೋಡ್ದೆ."

ಬೈಯಲಿ ಅಂತ ಕಾದೆ. ಬೈಯಲಿಲ್ಲ. ನಾನೇ ಬಡಬಡಿಸಿದೆ. ಆ ಮರಗಳ ಸಲುವಾಗಿ ಮಾಡಿದೆ, ನಿನ್ನ ಸಲುವಾಗಿ ಮಾಡಿದೆ ಎಂದೆ. ಪುಸ್ತಕ ತೆಗೆದು ನಿಯಮ ಕೂಡ ತೋರಿಸಿದೆ, ಎಂಥ ಬುದ್ಧಿ ನನ್ನದು. ಪಟ್ಟಿ ಹಾಕಿ ಆಗಿದೆ. ಆಡಿದವಳಿಗೆ ತಪ್ಪು ಗೊತ್ತಿರಲಿಲ್ಲ ಅಂದರೆ ಫಲಿತಾಂಶ ನಿಲ್ಲುತ್ತದೆ. ಮೆಡಲ್ ನಿನ್ನದೇ, ಫೆಬ್ರವರಿ ನಿನ್ನದೇ ಎಂದೆ.

ಪುಸ್ತಕವನ್ನು ನನ್ನ ಕಡೆಗೆ ಸರಿಸಿದಳು.

"ಏಳು ವರ್ಷದೋರಿದ್ದಾಗಿಂದ ಆಡ್ತಾ ಬಂದಿದೀವಿ ಕಣೇ. ಕುಳಿ ಅಂಗೈ ಅಗಲ ದೂರ ಇದ್ರೂ ಆ ಹೊಡೆತಾನ ನೀನು ನಂಗೆ ಬಿಟ್ಟುಕೊಟ್ಟೋಳಲ್ಲ. ಹಾಕು ನೋಡೋಣ ಅಂತಿದ್ದೆ. ಅದಕ್ಕೇ ಯಾವಾಗ್ಲೂ ನಿನ್ನ ಜತೇನೇ ಆಡ್ಬೇಕು ಅನ್ಸೋದು ನಂಗೆ. ಈಗ ನೋಡು. ಆ ಡಾಕ್ಟರು ಹೇಳಿದಾಗ್ಲೂ ನಂಗೆ ಇಷ್ಟು ಕುರುಡಿ ಆಗೋದೆ ಅನ್ನಿಸ್ಲಿಲ್ಲ."

ಎದ್ದು ಹೋದಳು. ಮನೆಗೆ ಬಿಡುತ್ತೇನೆಂದು ಕೀಲಿ ಹಿಡಿದು ಗೇಟಿನವರೆಗೆ ಹೋದೆ. ತಿರುಗಿ ನೋಡಲಿಲ್ಲ. ಕಾಲುದಾರಿಯ ಅಂಚಿನ ಕಲ್ಲನ್ನು ಕಾಲಿನಿಂದ ತಡಕುತ್ತ ತಡಕುತ್ತ ಹೋದಳು. ಚೆಂಡು ಮೇಜಿನ ಮೇಲೇ ಇದೆ.

ಅಕ್ಟೋಬರ್ 17, ಗುರುವಾರ

ಎಫಿ ನಿನ್ನೆಯೇ ಮಹಿಳಾ ವಿಭಾಗದ ಕ್ಯಾಪ್ಟನ್ ಹತ್ತಿರ ಹೋಗಿ ಮೆಡಲ್ ವಾಪಸು ಕೊಟ್ಟಿದ್ದಾಳೆ. ಯಾಕೆ ಚೆಂಡು ಗುರುತಿಸಲಿಲ್ಲ ಎಂದು ಕೇಳಿದ್ದಕ್ಕೆ ಕಣ್ಣಿನ ವಿಷಯವನ್ನೂ ಹೇಳಿಬಿಟ್ಟಳು. ನನ್ನ ಹೆಸರು ಎತ್ತಲಿಲ್ಲ. ನಾನೇ ಹೋಗಿ ಎತ್ತಿದೆ. ಕಾರ್ಯದರ್ಶಿ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟೆ. ಕ್ಯಾಪ್ಟನ್ ಪಾಪ, ಇಷ್ಟಕ್ಕೆಲ್ಲ ಯಾಕೆ ಎಂದಳು. ಇಷ್ಟಕ್ಕೇ ನಾನು ಎಷ್ಟು ಜನರನ್ನು ಹೊರಗೆ ಹಾಕಿದ್ದೇನೆ, ಅವಳಿಗೆ ಗೊತ್ತಿಲ್ಲ.

ಹೊಸ ಪಟ್ಟಿಯನ್ನೂ ನಾನೇ ಬರೆದೆ, ಕೊನೆಯ ಸಲ. ಮೊದಲನೆಯ ಹೆಸರು ಥೋರಾ.

ಅಕ್ಟೋಬರ್ 23, ಬುಧವಾರ

ಇವತ್ತು ಆಡಲಿಲ್ಲ. ಸೂಪಿಗೆ ಮಾತ್ರ ಹೋದೆ. ಇಬ್ಬರೂ ಇದ್ದರು. ಎಫಿ ನನ್ನ ಕಡೆ ಮುಖ ಮಾಡಲಿಲ್ಲ.

ಥೋರಾ ಒಂದು ವಾರದಲ್ಲಿ ಸೊರಗಿದ್ದಾಳೆ. ತಿಂಗಳು ಹೇಳುವ ಹಕ್ಕು ಈಗ ಅವಳದು. ಗಂಟಲು ಸರಿಮಾಡಿಕೊಂಡು, ತಾನೂ ಯೋಚನೆ ಮಾಡಿದೆ, ಫೆಬ್ರವರಿಯೇ ಒಳ್ಳೆಯದು ಎಂದಳು. ಎಫಿ ಚಮಚ ಕೆಳಗಿಟ್ಟಳು.

"ನಿನ್ನ ಹಾಳೇಲಿ ಏನಿದೆ ಥೋರಾ?"

"ಹಾಳೆ ಹಾಳಾಗ್ಹೋಗ್ಲಿ ಬಿಡೇ."

"ಗೆದ್ದೋಳು ನೀನು. ನಿಂಗೆ ಬೇಕಾದ್ದು ಮೇ. ಮೇ ಅನ್ನು, ಬರ್ತೀನಿ. ನನ್ನ ಕಣ್ಣು ನೋಡಿ ಫೆಬ್ರವರಿ ಅಂದ್ರೆ ನೀವಿಬ್ಬರೇ ಹೋಗಿ. ಒಬ್ಬಳು ಮಾಡಿದ್ದು ಸಾಕು."

ಥೋರಾ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಮೇ ಎಂದಳು. ಮೇ ಹತ್ತರಿಂದ ಹದಿನೇಳು. ಎಫಿ ತಲೆಯಾಡಿಸಿ ಸೂಪು ಮುಗಿಸಿದಳು. ಮೇ ತಿಂಗಳಲ್ಲಿ ಆ ಮರಗಳಲ್ಲಿ ಒಂದು ಹೂವೂ ಇರುವುದಿಲ್ಲ. ಕಳೆದುಕೊಂಡಿದ್ದು ಅವಳು, ಕಳೆಯುವಂತೆ ಮಾಡಿದ್ದು ನಾನು. ನಾನು ಆ ಹದಿಮೂರರಲ್ಲಿ ಬಾಯಿ ಬಿಟ್ಟಿದ್ದರೆ ಸೋತಾದರೂ ಸೋಲುತ್ತಿದ್ದಳು. ಆಮೇಲೆ ಥೋರಾಗೆ ತಾನೇ ನಿಜ ಹೇಳಿ ಕೇಳುತ್ತಿದ್ದಳೋ ಏನೋ. ಈಗ ಕೇಳುವ ದಾರಿಯನ್ನೂ ಮುಚ್ಚಿದೆ.

ನವೆಂಬರ್ 27, ಬುಧವಾರ

ಥೋರಾಳ ಹಸಿರು ಕಾರು ಹಾದುಹೋಯಿತು. ಎಫಿ ಮುಂದಿನ ಸೀಟಿನಲ್ಲಿ. ಡಂಡೀಗಿರಬೇಕು.

ಡಿಸೆಂಬರ್ 31, ಮಂಗಳವಾರ

ಹೊಸವರ್ಷಕ್ಕೆ ಪ್ರತಿಸಲ ಮೊದಲು ನನ್ನ ಮನೆ ಹೊಸ್ತಿಲು ದಾಟುತ್ತಿದ್ದವಳು ಎಫಿ. ಕಪ್ಪು ಕೂದಲಿನ ಗಂಡಸು ಬಂದರೆ ಶುಭ ಅಂತ ಊರಿನ ನಂಬಿಕೆ. ಅವಳು ಅವಳಪ್ಪನ ಟೋಪಿ ಹಾಕಿಕೊಂಡು, ಕೈಯಲ್ಲಿ ಕಲ್ಲಿದ್ದಲಿನ ತುಂಡು ಹಿಡಿದು ಬರುತ್ತಿದ್ದಳು. ಆಲೆಕ್ ಬದುಕಿದ್ದಾಗ ಬಾಗಿಲಲ್ಲಿ ನಿಂತು, ಸ್ವಾಗತ ಸ್ವಾಮಿ, ಅನ್ನುತ್ತಿದ್ದ. ಈ ಸಲ ಬೇಗ ಮಲಗುತ್ತೇನೆ.

ಫೆಬ್ರವರಿ 8, ಶನಿವಾರ

ಇವತ್ತು ಹೊರಡಬೇಕಿತ್ತು. ಬೆಳಿಗ್ಗೆಯಿಂದ ಆಲಿಕಲ್ಲು. ಪೋರ್ಚುಗಲ್ಲಿನಲ್ಲೂ ಮಳೆಯಂತೆ, ರೇಡಿಯೋದಲ್ಲಿ ಹೇಳಿದರು. ಸಮಾಧಾನ ಆಗಬೇಕಿತ್ತು. ಮಳೆಯಲ್ಲಾದರೂ ಹೂ ಇದ್ದೇ ಇರುತ್ತದೆ.

ಏಪ್ರಿಲ್ 16, ಬುಧವಾರ

ಎಫಿ ಈಗ ಓದುವುದಿಲ್ಲವಂತೆ. ಕಾರು ಮಾರಿದಳು. ಥೋರಾ ಅಂಗಡಿಯಲ್ಲಿ ಸಿಕ್ಕಿ ಹೇಳಿದಳು. ಮೇ ಪ್ರವಾಸಕ್ಕೆ ನೀನು ಬರಲೇಬೇಕು, ತಾನೊಬ್ಬಳೇ ಸಂಭಾಳಿಸಲಾರೆ ಎಂದಳು. ಎಫಿ ಏನೆನ್ನುತ್ತಾಳೆ ಎಂದೆ. ಬರಬೇಡ ಅಂತ ಅಂದಿಲ್ಲ ಎಂದಳು. ಇಷ್ಟು ಸಾಕು.

ಮೇ 11, ಭಾನುವಾರ

ಬಂದೆವು. ಅದೇ ಹೋಟೆಲು, ಅಡುಗೆಯವಳ ಮಗಳು ಈಗ ಯಜಮಾನಿ. ಅವರಿಬ್ಬರಿಗೆ ಒಂದು ರೂಮು, ನನಗೊಂದು. ಆಕಾಶದಲ್ಲಿ ಒಂದು ಮೋಡ ಇಲ್ಲ. ಗಾಳಿ ಹದವಾಗಿದೆ. ಗ್ರೀನುಗಳು ಚಾಪೆಯ ಹಾಗೆ ಸಪಾಟು. ಥೋರಾಳ ಹಾಳೆ ನೂರಕ್ಕೆ ನೂರು ಸರಿ. ಇಷ್ಟು ವರ್ಷ ಮಳೆಯಲ್ಲಿ ನಡುಗಿದೆವಲ್ಲ ಅಂತ ಹೆಟ್ಟಿಗೆ ಹೇಳಬೇಕು ಅನ್ನಿಸಿತು.

ಸಂಜೆ ಆ ತಿರುವಿನ ಹತ್ತಿರ ಕಾರು ನಿಲ್ಲಿಸಿದೆವು. ಗುಡ್ಡ ಹಸಿರು, ಮಾಮೂಲು ಗುಡ್ಡ. ಎಫಿ ಒಂದು ಕೊಂಬೆ ಹಿಡಿದು ತಡವಿದಳು. ಎಳೆ ಬಾದಾಮಿ ಕಾಯಿಗಳು, ಮೇಲೆ ನಯವಾದ ರೋಮ. ಒಂದೊಂದನ್ನೇ ಮುಟ್ಟಿ ನೋಡಿದಳು. ಎಷ್ಟೋ ಹೊತ್ತು. ಮೂವತ್ತು ವರ್ಷ ಬಂದರೂ ಇದನ್ನು ನೋಡಿರಲೇ ಇಲ್ಲ ಎಂದು ಥೋರಾಗೆ ಹೇಳಿದಳು. ನನಗಲ್ಲ.

ಮೇ 13, ಮಂಗಳವಾರ. ಸಂಜೆ ಐದು

ಎರಡು ದಿನದಿಂದ ಎಫಿಗೆ ಥೋರಾಳೇ ಕಣ್ಣು. ಅವಳನ್ನು ಚೆಂಡಿನ ಎದುರು ನಿಲ್ಲಿಸುವುದು, ದಿಕ್ಕು ಹೇಳುವುದು, ಹೊಡೆದ ಮೇಲೆ ಎಲ್ಲಿ ಬಿತ್ತು ಹೇಳುವುದು. ಥೋರಾ ಪ್ರತಿ ಹೊಡೆತಕ್ಕೂ ಒಂದೇ ಮಾತು. ಚೆನ್ನಾಗಿ ಹೋಯ್ತು, ಮಧ್ಯದಲ್ಲೇ ಇದೆ. ಮರಕ್ಕೆ ಬಡಿದರೂ ಮಧ್ಯದಲ್ಲೇ ಇದೆ. ಪೊದೆಗೆ ಹೋದದ್ದನ್ನು ಕಾಲಿನಿಂದ ಹೊರಗೆ ತಳ್ಳಿದ್ದನ್ನು ನಾನು ಕಂಡೆ. ನಾನು ಯಾವ ಬಾಯಿಂದ ಹೇಳಲಿ. ಭೂಗೋಳದಲ್ಲಿ ಅರ್ಧ ಅಂಕ ಜಾಸ್ತಿ ಕೊಡದವಳು ಅವಳು.

ಇವತ್ತು ಏಳನೆಯದು. ಎದುರಿಗೆ ಕೊಳ. ಎಫಿ ಹೊಡೆದಳು, ಸದ್ದೇ ಸರಿಯಿರಲಿಲ್ಲ. ಥೋರಾ ಆಗಲೇ ಶುರುಮಾಡಿದ್ದಳು, ಚೆನ್ನಾಗಿ ಹೋಯ್ತು ಅಂತ. ಎಫಿ ಕೈ ಎತ್ತಿ ಅವಳನ್ನು ನಿಲ್ಲಿಸಿದಳು. ತಲೆ ಒಂದು ಪಕ್ಕಕ್ಕೆ ಹೊರಳಿಸಿ ನಾನಿರುವ ಕಡೆಗೆ ನೋಡಿದಳು. ಈಗ ಅವಳು ನೋಡುವುದೇ ಹಾಗೆ, ಓರೆಯಾಗಿ.

"ಈಶ್ಬೆಲ್. ಎಲ್ಲಿ ಹೋಯ್ತು?"

ಏಳು ತಿಂಗಳ ಮೇಲೆ ನನ್ನ ಹೆಸರು. ಥೋರಾ ಹಿಂದಿನಿಂದ ತಲೆಯಾಡಿಸುತ್ತಿದ್ದಳು, ಬೇಡ ಬೇಡ ಅಂತ.

"ನೀರಿಗೆ," ಎಂದೆ. "ನೇರ ನೀರಿಗೆ. ತಲೆ ಎತ್ತಿಬಿಟ್ಟೆ ನೀನು. ಮಗ್ಗಿ ಕಲಿಯೋ ವಯಸ್ಸಿಂದ ಅದೇ ತಪ್ಪು. ಒಂದು ಹೊಡೆತ ದಂಡ, ಈಗ ಆಡೋದು ಮೂರನೇದು."

ಎಫಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕೋಲಿನ ಮೇಲೆ ಬಾಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಥೋರಾ ಅವಮಾನವಾದವಳ ಹಾಗೆ ನಿಂತಿದ್ದಳು. ಎಫಿ ಕೈ ಚಾಚಿದಳು, ಚೆಂಡು ಕೊಡು ಅಂತ. ಕೊಟ್ಟೆ. ಕೈ ಬಿಡಲಿಲ್ಲ, ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. ಅವಳ ಕೈ ಮೊದಲಿನ ಹಾಗೇ ಬೆಚ್ಚಗಿದೆ.

ಎರಡನೆಯದೂ ನೀರಿಗೆ. ಅದನ್ನೂ ಹೇಳಿದೆ.

ಮೇ 14, ಬುಧವಾರ. ಬೆಳಿಗ್ಗೆ ಏಳೂವರೆ

ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕಿಟಕಿ ತೆಗೆದಿದ್ದೇನೆ, ಕೆಳಗೆ ಯಾರೋ ಹುಲ್ಲಿಗೆ ನೀರು ಬಿಡುತ್ತಿದ್ದಾರೆ. ಎಂಟೂ ನಲವತ್ತಕ್ಕೆ ನಮ್ಮ ಸರದಿ, ಊರಿನ ಹಾಗೇ. ಎಫಿ ಆಗಲೇ ಬಾಗಿಲು ತಟ್ಟಿ ಹೋದಳು. ಥೋರಾ ಇನ್ನು ತನ್ನ ಆಟ ತಾನು ಆಡಿಕೊಳ್ಳಲಿ, ಇವತ್ತು ಮೊದಲನೆಯದರಿಂದಲೇ ನೀನು ಪಕ್ಕದಲ್ಲಿರು ಎಂದಳು. ಮುಂದಿನ ವರ್ಷ ಯಾವ ತಿಂಗಳು ಅನ್ನುವುದನ್ನೂ ಆಟ ಮುಗಿದ ಮೇಲೆ ಮಾತಾಡಬೇಕಂತೆ, ಈ ಸಲ ಪಂದ್ಯಗಿಂದ್ಯ ಏನೂ ಬೇಡವಂತೆ. ನನ್ನನ್ನು ಕೇಳಿದರೆ ನಾನು — ಎಫಿ ಮತ್ತೆ ಬಾಗಿಲು ತಟ್ಟುತ್ತಿದ್ದಾಳೆ, ಹೊರಟೆ.